ಮಲ್ಲಾಜಮ್ಮನ ಮೂರು ಕಾರ್ಡು

ಮಲ್ಲಾಜಮ್ಮನಿಗೆ ಮಾಡಿದ ಅನ್ಯಾಯ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಭೇರ್ಯದ ರೈತ ಮಂಟಯ್ಯನವರ ಮಗಳು ಅವಳು, ಗಣಿತದಲ್ಲಿ ಎಂ.ಎಸ್ಸಿ. ೧೯೭೬ರಲ್ಲಿ ನಾವಿಬ್ಬರೂ ಕೆ.ಆರ್. ನಗರದಲ್ಲಿ ರೈಲು ಹತ್ತಿ ಮೈಸೂರಿನ ಒಂದು ಕಂಪ್ಯೂಟರ್ ಕಚೇರಿಗೆ ಹೋಗುತ್ತಿದ್ದೆವು. ಅವಳು ಪ್ರೋಗ್ರಾಂ ಬರೆಯುತ್ತಿದ್ದಳು. ಆ ಕಾಲದ ಯಂತ್ರ ಓದುತ್ತಿದ್ದದ್ದು ರಟ್ಟಿನ ಕಾರ್ಡುಗಳ ಮೇಲಿನ ತೂತುಗಳನ್ನು; ಅವಳು ಬರೆದದ್ದನ್ನು ನಾನು ಸಾಲಿಗೊಂದು ಕಾರ್ಡಿನಂತೆ ತೂತು ಹೊಡೆದು ಮೂಡಿಸುತ್ತಿದ್ದೆ.

ನಮ್ಮ ಕಡೆಯ ನಾಲೆಗೆ ಎಷ್ಟು ನೀರು ಬಿಡಬೇಕೆಂಬ ಚೀಟಿಯನ್ನು ಆ ಯಂತ್ರ ಅಚ್ಚು ಹಾಕುತ್ತಿತ್ತು. ಅದಕ್ಕಾಗಿ ಅವಳು ಬರೆದ ಫಂಕ್ಷನ್ನಿಗೆ, ಅಂದರೆ ಪ್ರೋಗ್ರಾಂನಲ್ಲಿ ಆ ಲೆಕ್ಕ ಮಾಡುವ ಭಾಗಕ್ಕೆ, ಮೂರು ಅಂಕಿ ಕೊಡಬೇಕು: ಯಾವ ತೂಬು, ಅದರ ಬಾಗಿಲನ್ನು ಎಷ್ಟು ಅಡಿ ಎತ್ತಬೇಕು, ಎಷ್ಟು ಗಂಟೆ. ಬರೀ ‘4, 2, 6’ ಎಂದರೂ ಯಂತ್ರಕ್ಕೆ ಸಾಕು. ಮಲ್ಲಾಜಮ್ಮ ಮಾತ್ರ ಮೊದಲು ಮೂರು ಕಾರ್ಡುಗಳಲ್ಲಿ ‘ತೂಬು = 4’, ‘ಅಡಿ = 2’, ‘ಗಂಟೆ = 6’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಫಂಕ್ಷನ್ ಕರೆಯುವ ಸಾಲಿಗೆ ಆ ಹೆಸರುಗಳನ್ನೇ ಕೊಡುತ್ತಿದ್ದಳು.

ನಮ್ಮ ಕಚೇರಿಯ ಮೇಲ್ವಿಚಾರಕನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. “ಒಂದು ಕಾರ್ಡಿನ ಕೆಲಸಕ್ಕೆ ನಾಲ್ಕು ಕಾರ್ಡೇ? ಮೆಷಿನ್ನಿಗೆ ಹೆಸರು ಯಾಕ್ರೀ?”

“ಮಿಸಿನ್‌ಗೆ ಬ್ಯಾಡ ಸಾರ್. ನಾಳೆ ಓದೋರ್ಗೆ ಬೇಕು,” ಎಂದಳು ಮಲ್ಲಾಜಮ್ಮ.

ಆತ ಆ ಮೂರೂ ಕಾರ್ಡುಗಳನ್ನು ಕಟ್ಟಿನಿಂದ ಕಿತ್ತು ಬುಟ್ಟಿಗೆ ಎಸೆದ. ಇನ್ನು ಮುಂದೆ ಬರೀ ಅಂಕಿ ಎಂದು ಅಪ್ಪಣೆ ಮಾಡಿದ.

ಭತ್ತದ ಒಟ್ಲು, ಅಂದರೆ ಸಸಿಮಡಿ, ಬಿಡುವ ಕಾಲದಲ್ಲಿ ಅವಳು ಅಕ್ಕನ ಬಾಣಂತನಕ್ಕೆಂದು ರಜೆ ಹಾಕಿದ್ದಳು. ಭೇರ್ಯದಿಂದ ಫೋನು ಬಂತು. ನಮ್ಮ ಕಡೆ ನೀರು ಕೇಳುವವರು ಮೊದಲು ಹೊತ್ತು ಹೇಳಿ ಆಮೇಲೆ ಅಡಿ ಹೇಳುವುದು: “ನಾಕ್ನೇ ತೂಬು, ಆರ್ ಗಂಟೆ, ಎರಡಡಿ ಬುಡಿ ಸ್ವಾಮಿ.” ಮೇಲ್ವಿಚಾರಕ ಕಿವಿಗೆ ಬಿದ್ದಂತೆಯೇ ‘4, 6, 2’ ಎಂದು ಬರೆದುಕೊಟ್ಟ. ನಾನು ತೂತು ಹೊಡೆದೆ. ಆರು ಅಡಿಯೋ ಗಂಟೆಯೋ, ಆ ಕಾರ್ಡು ನೋಡಿದರೆ ಯಾರಿಗೆ ತಿಳಿಯಬೇಕು? ಆರಡಿ ಎತ್ತು ಎಂದು ಚೀಟಿ ಹೋಯಿತು, ತೂಬಿನವನು ಎತ್ತಿದ. ಊರಿನ ಎಳೆ ಪೈರೆಲ್ಲ ಕೊಚ್ಚಿಹೋಯಿತು, ಮಂಟಯ್ಯನವರದ್ದೂ ಸೇರಿ.

ವಿಚಾರಣೆಯಲ್ಲಿ ಆ ಮನುಷ್ಯ ನಾಚಿಕೆಯಿಲ್ಲದೆ, ಇದೆಲ್ಲಾ ಪ್ರೋಗ್ರಾಂ ಬರೆದವಳ ತಪ್ಪು ಎಂದ. “ಕಾರ್ಡು ಕಿತ್ತೆಸೆದೋರು ಇವ್ರೇ ಕಣ್ರೀ!” ಎಂದು ನಾನು ಕೂಗಿದೆ. ತೂತು ಹೊಡೆಯುವವಳ ಮಾತು ಯಾರಿಗೆ ಬೇಕಿತ್ತು? ಮಲ್ಲಾಜಮ್ಮನನ್ನು ಕೆಲಸದಿಂದ ತೆಗೆದರು. ಊರಿನವರು ಅವಳ ಮನೆ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು. ಎಂಥ ಜನ, ಎಂಥ ನ್ಯಾಯ!

ಅವಳ ಕುರ್ಚಿಗೆ ಹೊಸಬನೊಬ್ಬ ಬಂದ. ಕಾರ್ಡಿನ ಕಟ್ಟನ್ನು ತಿರುವಿ ತಿರುವಿ ನೋಡಿ ತಲೆ ಕೆರೆದುಕೊಂಡ. “ಸಾರ್, ಈ ಎರಡನೇ ಅಂಕಿ ಅಡಿಯೋ ಗಂಟೆಯೋ? ಬೇರೆ ಫಂಕ್ಷನ್ನುಗಳ ಕಾರ್ಡುಗಳಲ್ಲಿ ಐದೈದು ಅಂಕಿ ಇವೆ, ಅವು ಏನು?” ಎಂದು ಮೇಲ್ವಿಚಾರಕನನ್ನು ಕೇಳಿದ.

ಆತ ಕಟ್ಟನ್ನು ತಾನೂ ಒಮ್ಮೆ ತಿರುವಿ ನೋಡಿ ಕೆಳಗಿಟ್ಟ. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದ: “ಭೇರ್ಯದಲ್ಲಿ ಆ ಹುಡುಗಿಯ ಮನೆ ಎಲ್ಲಿ ಬರುತ್ತಮ್ಮ?”

“ಪೈರು ಕೊಚ್ಚೋಗಿರೋ ಗದ್ದೆ ಪಕ್ಕದಲ್ಲೇ ಸಾರ್,” ಎಂದೆ. “ಆ ಗದ್ದೆ ಬದಿನ ಮೇಲೇ ನಡ್ಕೊಂಡ್ ಹೋಗ್ಬೇಕು.”