ಮೂರನೇ ಮಹಡಿಯ ವಿರೋಧ

ಪದ್ಮನಾಭನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹದಿನೆಂಟು ಮನೆಗಳಿದ್ದವು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮಾಲೀಕರ ಸಂಘಕ್ಕೆ ಕಾರ್ಯದರ್ಶಿಯಾಗಲು ಯಾರೂ ಮುಂದೆ ಬರದೆ, ಕೊನೆಗೆ ಆ ಕೆಲಸ ನನ್ನ ಕೊರಳಿಗೆ ಬಿತ್ತು. ‘ನೀವು ಟೀಚರ್ರು, ಬರೆದು ಅಭ್ಯಾಸ ಇದೆ’ ಎಂಬುದಷ್ಟೇ ನನ್ನ ಅರ್ಹತೆ.

ಸಭೆ ಕರೆದರೆ ಕೆಳಗಿನ ಪಾರ್ಕಿಂಗ್‌ನಲ್ಲಿ ಐದು ಜನ ಸೇರಿದರೆ ಹೆಚ್ಚು. ಕೋರಂ ಆಗದೆ ಯಾವ ತೀರ್ಮಾನವೂ ಆಗುತ್ತಿರಲಿಲ್ಲ. ನಮ್ಮ ಅಧ್ಯಕ್ಷರು ನಿವೃತ್ತ ಇಂಜಿನಿಯರು. ಅವರು ಇದಕ್ಕೊಂದು ದಾರಿ ಹುಡುಕಿದ್ದರು. ಠರಾವನ್ನು ಪುಸ್ತಕದಲ್ಲಿ ಬರೆದು, ವಾಚ್‌ಮನ್ನನ ಹೆಂಡತಿಯ ಕೈಯಲ್ಲಿ ಮನೆಮನೆಗೂ ಕಳಿಸುವುದು. ಒಪ್ಪುವವರು ಸಹಿ ಹಾಕಬೇಕು, ಒಪ್ಪದವರು ಕಾರಣ ಬರೆಯಬೇಕು. ಕಾರಣ ಬರೆಯುವ ತಾಪತ್ರಯ ಯಾರಿಗೆ ಬೇಕು? ಎಲ್ಲರೂ ಸಹಿ ಹಾಕುತ್ತಿದ್ದರು.

ಆ ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಕೆಳಗಿಳಿಯಿತು. ಜನರಿಲ್ಲದ ಮನೆಗಳ ನೀರಿನ ವಾಲ್ವ್ ಮುಚ್ಚುವುದೆಂದು ಠರಾವು ಬರೆದೆ. ಹಾಗೆ ಖಾಲಿ ಇದ್ದದ್ದು ಒಂದೇ ಮನೆ, ಮೂರನೇ ಮಹಡಿಯ ಕೊನೆಯದು. ಅದರ ಯಜಮಾನರು ಹಿಂದಿನ ವರ್ಷ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ಆಕೆಯ ತಮ್ಮ ತುಮಕೂರಿನಿಂದ ಬಂದು ಕರೆದುಕೊಂಡು ಹೋಗಿದ್ದನ್ನು ನಾವೆಲ್ಲ ಕಂಡಿದ್ದೆವು. ಆಗಿನಿಂದ ಗ್ರಿಲ್ ಬಾಗಿಲಿಗೆ ಬೀಗ.

ಎರಡು ದಿನದ ಮೇಲೆ ಪುಸ್ತಕ ವಾಪಸು ಬಂತು. ಸಹಿಗಳನ್ನು ಎಣಿಸುತ್ತಾ ಪುಟದ ಕೊನೆಗೆ ಬಂದವಳ ಬೆರಳು ಅಲ್ಲೇ ನಿಂತುಬಿಟ್ಟಿತು. ಅಲ್ಲಿ ಹಸಿರು ಇಂಕಿನಲ್ಲಿ, ದುಂಡಗೆ ಬರೆದಿತ್ತು: ‘ನನ್ನ ವಿರೋಧವಿದೆ. ಮನೆಯಲ್ಲಿ ವಾಸವಿದ್ದೇವೆ.’ ಅದರ ಕೆಳಗೆ, ತೀರಿಕೊಂಡವರ ಸಹಿ.

ಅವರು ಬದುಕಿದ್ದಾಗಿನ ಪುಟಗಳನ್ನು ತಿರುವಿ ಹೋಲಿಸಿದೆ. ಅದೇ ಓರೆ, ಅದೇ ಕೊನೆಯ ಎರಡು ಚುಕ್ಕಿ. ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ‘ವಾಸವಿದ್ದೇವೆ’ ಎಂಬ ಬಹುವಚನವೇ ನನ್ನನ್ನು ಹೆಚ್ಚು ಹೆದರಿಸಿದ್ದು.

ಅಧ್ಯಕ್ಷರು ಕನ್ನಡಕ ತೆಗೆದು ನೋಡಿದರು. ಮತ್ತೆ ಹಾಕಿಕೊಂಡು ನೋಡಿದರು. “ಯಾರೋ ತಮಾಷೆ ಮಾಡಿದಾರೆ ಮೇಡಂ. ವೈಟ್ನರ್ ಹಚ್ಬಿಡಿ,” ಎಂದರು. ಆದರೆ ಪುಸ್ತಕವನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಲಿಲ್ಲ.

ವಾಚ್‌ಮನ್ನನ ಹೆಂಡತಿಯನ್ನು ಕೇಳಿದೆ. ಆಕೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ, “ಎಲ್ಲಾ ಮನೆಗೂ ಕೊಟ್ಟೆ ಮೇಡಂ,” ಎಂದಳು.

“ಬೀಗ ಹಾಕಿರೋ ಮನೆಗೂನಾ?”

“ನಂಗೆ ಓದೋಕ್ ಬರಲ್ಲ ಮೇಡಂ,” ಎಂದು ನೀರಿನ ಮೋಟಾರ್ ಆಫ್ ಮಾಡುವ ನೆಪದಲ್ಲಿ ಹೊರಟೇಹೋದಳು. ಮೋಟಾರ್ ಓಡುತ್ತಲೇ ಇರಲಿಲ್ಲ.

ಮರುದಿನ ಶಾಲೆಯಿಂದ ಬಂದಾಗ ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿಗೆ ಇಡೀ ಕಟ್ಟಡ ಉಸಿರು ಹಿಡಿದಂತಿರುತ್ತದೆ. ಮೂರನೇ ಮಹಡಿ ಹತ್ತಿ ಆ ಬಾಗಿಲ ಮುಂದೆ ನಿಂತೆ. ಬೀಗದ ಮೇಲೆ ಧೂಳಿರಲಿಲ್ಲ. ಒಳಗೆಲ್ಲೋ ಬಕೆಟ್ಟಿಗೆ ನಲ್ಲಿಯ ನೀರು ಸಣ್ಣಗೆ ಬೀಳುವ ಸದ್ದು. ಗ್ರಿಲ್ ಸಂದಿಯಿಂದ ಕೈ ಹಾಕಿ ಒಳಗಿನ ಕದ ತಟ್ಟಿದೆ. ಸದ್ದು ನಿಂತಿತು. ನೀರು ತಾನಾಗಿ ನಿಲ್ಲುವುದಿಲ್ಲ, ಯಾರೋ ನಿಲ್ಲಿಸಬೇಕು. ನನ್ನ ಕಾಲು ಮೆಟ್ಟಿಲ ಕಡೆ ತಿರುಗಿತು. ಅಷ್ಟರಲ್ಲಿ ಕದದ ಆಚೆಯಿಂದ, ನನ್ನ ಕಿವಿಗೆ ಅಂಟಿದಷ್ಟು ಹತ್ತಿರದಿಂದ ಧ್ವನಿ ಬಂತು:

“ನೀರು ನಿಲ್ಲಿಸ್ಬೇಡಿ.”

ಗ್ರಿಲ್ ಸರಳನ್ನು ಹಿಡಿದುಕೊಂಡೆ. “ಯಾರು?” ಎಂದೆ.

ಕದ ಅರ್ಧ ತೆರೆಯಿತು. ತುಮಕೂರಿಗೆ ಹೋಗಿದ್ದ ಆ ಹೆಂಗಸು ಕತ್ತಲಲ್ಲಿ ನಿಂತಿದ್ದರು, ಬಿಸಿಲು ಕಾಣದ ಬಿಳಿಚಿದ ಮುಖ.

“ಆಂಟಿ! ಯಾವಾಗ ಬಂದ್ರಿ?”

“ಎಂಟು ತಿಂಗಳಾಯ್ತು.”

ಗ್ರಿಲ್ ಸಂದಿಯಿಂದ ಕೈ ಹೊರಗೆ ಚಾಚಿ, ನಿಧಾನವಾಗಿ ಬೀಗ ತೆಗೆದರು. ಅದನ್ನು ಹಾಗೆಯೇ ಹಾಕಿಕೊಳ್ಳುತ್ತಿದ್ದರಂತೆ. ಹಾಲು, ತರಕಾರಿ ತಂದುಕೊಡುತ್ತಿದ್ದವಳು ವಾಚ್‌ಮನ್ನನ ಹೆಂಡತಿ. ನೀರು ನಿಲ್ಲಿಸುತ್ತಾರೆಂಬ ಸುದ್ದಿ ಹೇಳಿ ಪುಸ್ತಕ ಒಳಗೆ ಕೊಟ್ಟವಳೂ ಅವಳೇ.

“ಆ ಸಹಿ...” ಎಂದೆ.

“ಅವರ ಕೈ ನಡುಗೋಕೆ ಶುರುವಾದ್ಮೇಲೆ ಎಲ್ಲಾ ಕಡೆ ನಾನೇ ಹಾಕ್ತಿದ್ದೆ. ನಿಮ್ಮ ಪುಸ್ತಕದಲ್ಲಿ ಇರೋದೆಲ್ಲ ನಂದೇ.”

“ಯಾಕೆ ಹೀಗೆ ಬಚ್ಚಿಟ್ಕೊಂಡಿದೀರಿ?”

ಅವರು ಒಳಗೆ ಹೋಗಿ ಒಂದು ಕಾಗದ ತಂದರು. ಸಂಘದ ಲೆಟರ್‌ಹೆಡ್. ‘ಸದಸ್ಯರ ಮರಣದಿಂದ ಸದಸ್ಯತ್ವ ಕೊನೆಗೊಂಡಿದೆ. ಸದಸ್ಯರಲ್ಲದವರಿಗೆ ಸಂಘದ ಸೌಲಭ್ಯಗಳ ಮೇಲೆ ಹಕ್ಕಿರುವುದಿಲ್ಲ.’ ಕೆಳಗೆ ಕಾರ್ಯದರ್ಶಿಯ ಸಹಿ. ನನ್ನದು. ಹಳೆಯ ಮಾದರಿ ನೋಡಿ, ಪರೀಕ್ಷೆಯ ಪೇಪರ್ ತಿದ್ದುವ ನಡುವೆ, ಬರೆದು ಕಳಿಸಿದ್ದೆ. ಬರೆದದ್ದೂ ನೆನಪಿರಲಿಲ್ಲ.

“ಯಾರಾದ್ರೂ ನೋಡಿದ್ರೆ ಖಾಲಿ ಮಾಡಿ ಅಂತಾರೆ ಅಂದ್ಕೊಂಡೆ. ತಮ್ಮನ ಮನೇಲಿ ಇರೋಕಾಗಲ್ಲ. ನಮ್ಮನೆಯವರು ಇರೋವರ್ಗೂ ನನಗೂ ಮನೆ ಇತ್ತಲ್ಲ, ಅದಕ್ಕೇ ಅವರನ್ನ ಇರಿಸ್ಕೊಂಡೆ,” ಎಂದರು.

ಅಂದು ಸಂಜೆ ಸಂಘದ ನಿಯಮಗಳಿರುವ ಬೈಲಾ ಪುಸ್ತಕವನ್ನು ಮೊದಲ ಸಲ ಪೂರ್ತಿ ಓದಿದೆ. ನಾನು ನಕಲು ಮಾಡಿದ ವಾಕ್ಯದ ಮುಂದಿನ ವಾಕ್ಯವೇ, ನಾಮಿನಿ ಅರ್ಜಿ ಕೊಟ್ಟರೆ ಸದಸ್ಯತ್ವ ಅವರ ಹೆಸರಿಗೆ ಬರುತ್ತದೆ ಎನ್ನುತ್ತಿತ್ತು. ಕಡತದಲ್ಲಿ ಹುಡುಕಿದೆ. ಗಂಡ ಮನೆ ಕೊಂಡಾಗಲೇ ಹೆಂಡತಿಯ ಹೆಸರು ಬರೆದುಕೊಟ್ಟಿದ್ದರು. ನಾಲ್ಕು ಸಾಲಿನ ಅರ್ಜಿ ಬರೆದುಕೊಂಡು ಹೋದೆ. ತಮ್ಮ ಸ್ವಂತ ಸಹಿ ಹಾಕಲು ಅವರು ಬಹಳ ಹೊತ್ತು ತೆಗೆದುಕೊಂಡರು. ಪೆನ್ನು ಎರಡು ಸಲ ಗಂಡನ ಹೆಸರಿನ ಮೊದಲ ಅಕ್ಷರದ ಕಡೆಗೇ ಹೋಯಿತು.

ಅಧ್ಯಕ್ಷರು ತಕರಾರಿಲ್ಲದೆ ಅರ್ಜಿ ಅಂಗೀಕರಿಸಿದರು. ನೀರಿನ ಠರಾವು ಬಿದ್ದುಹೋಯಿತು.

ಮುಂದಿನ ಸಭೆಗೆ ಸುದ್ದಿ ಕೇಳಿ ಅಪರೂಪಕ್ಕೆ ಎಲ್ಲ ಮನೆಯವರೂ ಬಂದರು. ಮೂರನೇ ಮಹಡಿಯ ಆಂಟಿಯೂ ಇಳಿದು ಬಂದು, ತಮ್ಮ ಪಕ್ಕದ ಮನೆಯ ಗೃಹಿಣಿಯ ಹತ್ತಿರದ ಕುರ್ಚಿಯಲ್ಲಿ ಕೂತರು. ಎಂಟು ತಿಂಗಳು ಒಂದೇ ಗೋಡೆಯ ಆಚೆ ಈಚೆ ಇದ್ದವರು. ಗೃಹಿಣಿ ಏನು ಮಾತಾಡುವುದೆಂದು ತೋಚದೆ ನಕ್ಕಳು.

“ನಿಮ್ಮ ಮಗಳ ಕೆಮ್ಮು ವಾಸಿ ಆಯ್ತೇನಮ್ಮಾ?” ಎಂದು ಅವರು ಮೆಲ್ಲಗೆ ಕೇಳಿದರು. “ಆಮೇಲೆ, ನಿಮ್ಮ ಯಜಮಾನ್ರು ನಿಮ್ಮನ್ನ ಹಂಗೆಲ್ಲಾ ಅನ್ನಬಾರದು.”

ಗೃಹಿಣಿಯ ನಗು ಮುಖದ ಮೇಲೆ ಹಾಗೇ ಉಳಿಯಿತು. ಆಮೇಲೆ ಅವಳು ಕುರ್ಚಿಯನ್ನು ಸದ್ದಾಗದಂತೆ ಒಂದು ಗೇಣು ಆಚೆಗೆ ಸರಿಸಿಕೊಂಡಳು.