ದೇವರ ಗೂಡಿನ ಬಾಟಲಿ

೨೦೦೬ರ ಮೇ ತಿಂಗಳ ಒಂದು ಮಧ್ಯಾಹ್ನ, ಎಂಬತ್ತೆರಡು ವರ್ಷದ ಸೋದರಮಾವನನ್ನು ಕರೆದುಕೊಂಡು ಐರೋಲಿಯಿಂದ ರೈಲು ಹತ್ತಿದೆ. ಕಲ್ಯಾಣಕ್ಕೆ ಒಬ್ಬರಿಗೆ ಒಂಬತ್ತು ರೂಪಾಯಿ. ಉಡುಪಿಯಿಂದ ನನ್ನ ಮನೆಗೆ ಬಂದಿದ್ದ ಮಾವನಿಗೆ ಮುಂಬಯಿಯ ಸಮುದ್ರವೂ ಬೇಡ, ಶಾಪಿಂಗ್ ಮಾಲೂ ಬೇಡ. ಹದಿನೆಂಟನೇ ವಯಸ್ಸಿನಲ್ಲಿ ತಾನು ಪಾತ್ರೆ ತೊಳೆದ ಹೋಟೆಲು ನೋಡಬೇಕಂತೆ. ಮುದುಕರ ಹಟ ಎಂದುಕೊಂಡೆ.

ಠಾಣೆಯಲ್ಲಿ ಸ್ಲೋ ಲೋಕಲ್ ಹಿಡಿದೆವು. ಕಲ್ವಾ ಸ್ಟೇಷನ್ ಬಳಿಯ ರೈಲುಗಳ ಕಾರ್‌ಶೆಡ್ ದಾಟುವಾಗ ಮಾವ ಬಾಯಿ ಬಿಟ್ಟರು. ಮಹಾಯುದ್ಧದ ನಡುವೆ ಚಲೇಜಾವ್ ಚಳವಳಿ ನಡೆದಿದ್ದ ಕಾಲ. ಸೇನೆಯ ಗೋದಾಮಿಗೆ ಬೆಂಕಿ ಇಡಲೆಂದು ಭೂಗತ ಗೆಳೆಯರು ಮನೆಯಲ್ಲೇ ಕಲಸಿದ, ಎಣ್ಣೆಯಂತೆ ಕಾಣುವ ಬೆಂಕಿಮದ್ದಿನ ಬಾಟಲಿಯನ್ನು ಇವರ ಕೈಗೆ ಕೊಟ್ಟಿದ್ದರು. ಪೊಲೀಸರು ಹೋಟೆಲುಗಳನ್ನು ಜಾಲಾಡುತ್ತಿದ್ದರು. ಮಡಿಯುಟ್ಟ ಧಣಿಯ ಹೊರತು ಯಾರೂ ಮುಟ್ಟದ ಜಾಗವೆಂದರೆ ದೇವರ ಗೂಡು. ಮಾವ ಅದನ್ನು ಕದ್ದು ಅಲ್ಲಿ ದೀಪದೆಣ್ಣೆಯ ಪಕ್ಕದಲ್ಲಿ ಇಟ್ಟರು. ಬೆಳಿಗ್ಗೆ ಧಣಿ ಅದನ್ನೇ ದೀಪಕ್ಕೆ ಹೊಯ್ದು ಬಲಗೈ ಸುಟ್ಟುಕೊಂಡರು. ಪೊಲೀಸರು ಕೇಳಿದಾಗ ಬಜ್ಜಿಯ ಬಾಣಲೆ ಮಗುಚಿತು ಎಂದರಂತೆ. ಮಾವ ಅದೇ ವಾರ ಊರಿಗೆ ಓಡಿದರು.

"ಬಾಟ್ಲಿ ಇಟ್ಟದ್ದು ನಾನು ಅಂತ ಒಂದು ಮಾತು ಹೇಳ್ಲಿಲ್ಲ ಮಾರಾಯ. ಸಾಯುವ ಮೊದ್ಲು ಅಲ್ಲಿ ಯಾರಿಗಾದ್ರೂ ಹೇಳ್ಬೇಕು."

ಕಲ್ಯಾಣದಲ್ಲಿ ಆ ಹೋಟೆಲು ಇನ್ನೂ ಇತ್ತು. ಅದೇ ಕಲ್ಲಿನ ಮೇಜು, ಅದೇ ಸಾಂಬಾರಿನ ಪರಿಮಳ ಎಂದು ಮಾವ ಕಣ್ಣೊರೆಸಿಕೊಂಡರು. ಧಣಿ ತೀರಿಕೊಂಡು ಬಹಳ ವರ್ಷವಾಗಿತ್ತು. ಗಲ್ಲಾಪೆಟ್ಟಿಗೆಯ ಮುಂದಿದ್ದ ಅವರ ಮಗ ವಾಸುದೇವ ರಾಯರು ಗೋಳಿಬಜೆ, ಚಹಾ ತರಿಸಿದರು. ಮಾವ ಊರಿನ ಮಳೆ, ಬೆಳೆ ಎಲ್ಲ ಮಾತಾಡಿದರು, ಆ ಮಾತು ಮಾತ್ರ ಎತ್ತಲಿಲ್ಲ. ನನಗೆ ಸಿಟ್ಟೂ ಬಂತು, ಕನಿಕರವೂ ಆಯಿತು.

ಮುಸ್ಸಂಜೆಗೆ ರಾಯರು ಕೈಕಾಲು ತೊಳೆದು ದೇವರ ಗೂಡಿನಿಂದ ಎಣ್ಣೆಯ ಬಾಟಲಿ ತೆಗೆದರು. ಮೂಗಿಗೆ ಹಿಡಿದು ಮೂಸಿ, ಆಮೇಲೆ ದೀಪಕ್ಕೆ ಹಾಕಿದರು. ಯಾಕೆಂದು ಕೇಳಿದೆ.

"ನಂಗೂ ಗೊತ್ತಿಲ್ಲ. ಮೂಸದೆ ಹಾಕ್ಬಾರ್ದು, ಅದು ನಮ್ಮ ಹೋಟ್ಲಿನ ಪದ್ಧತಿ ಅಂತ ಅಪ್ಪ ಕಲಿಸಿದ್ದು."

ಮಾವ ಎದ್ದು ನಿಂತು ಎಲ್ಲವನ್ನೂ ಹೇಳಿದರು.

"ಅಪ್ಪ ಮನೇಲಿ ಕೂಡ ಬಾಣಲೆ ಅಂತ್ಲೇ ಹೇಳಿದ್ದು," ಎಂದು ರಾಯರು ಬಾಟಲಿಯನ್ನು ಮಾವನ ಕಡೆ ಚಾಚಿದರು. "ಇನ್ನೊಂದು ದೀಪ ಉಂಟು. ನೀವು ಹಾಕಿ."

ಸ್ನಾನವಾಗಿಲ್ಲ ಎಂದು ಮಾವ ಹಿಂಜರಿದರು. ಕೈಕಾಲು ತೊಳೆದರೆ ಸಾಕೆಂದರು ರಾಯರು. ಮಾವ ತೊಳೆದು ಬಂದು, ಬಾಟಲಿ ಹಿಡಿದು, ಮೊದಲು ಮೂಸಿದರು.

ವಾಪಸು ಬರುವಾಗ ಡೊಂಬಿವಲಿಯಲ್ಲಿ ಜನ ನುಗ್ಗಿದರು. ಆ ಗದ್ದಲದಲ್ಲೂ ಮಾವ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದೇ ಕೂತಿದ್ದರು.

"ಎಳ್ಳೆಣ್ಣೆ," ಎಂದರು.