ಬಂಡೆಯ ಮೇಲೊಂದು ಪಾರ್ಕು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೊಳಕಾಲ್ಮೂರಿನಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದೆ. ಹೊಸ ಲೇಔಟ್‌ಗಳ ಸ್ಥಳ ಪರಿಶೀಲಿಸಿ ಶಿಫಾರಸು ಬರೆಯುವುದು ನನ್ನ ಕೆಲಸ. ಬಿಸಿಲಿನ ದಿನಗಳಲ್ಲಿ ಆ ಪರಿಶೀಲನೆಯನ್ನು ಫ್ಯಾನಿನ ಕೆಳಗೇ ಮುಗಿಸುತ್ತಿದ್ದೆ.

ಊರಿನ ಜಮೀನುದಾರ ರುದ್ರಪ್ಪನವರ ಲೇಔಟ್‌ಗೂ ಹಾಗೆಯೇ ಸಹಿ ಹಾಕಿದೆ. ಕಾನೂನಿನಂತೆ ಪಾರ್ಕಿಗೆ ಜಾಗ ಬಿಟ್ಟು, ನಕ್ಷೆಯಲ್ಲಿ ಹಸಿರು ಬಣ್ಣವನ್ನೂ ಬಳಿಸಿದ್ದರು. ಕಡತ ಇನ್ನೂ ಮೇಜಿನ ಮೇಲಿರುವಾಗಲೇ ನೇಕಾರರ ಓಣಿಯವರು ಸಮಿತಿ ಕಟ್ಟಿಕೊಂಡು ಬಂದರು. ಗ್ಯಾರೇಜಿನ ಬಾಷಾ ಸಾಬರು ಅಧ್ಯಕ್ಷರು; ಮಾತಾಡುವವರು ಮಾತ್ರ ರೇಷ್ಮೆ ಸೀರೆ ನೇಯುವ ತಿಪ್ಪಮ್ಮ.

“ಲೇಔಟ್ ಬ್ಯಾಡ ಅನ್ನಲ್ಲ ಸಾರ್. ಆ ಪಾರ್ಕ್ ಒಂದ್ಸಲ ಹತ್ತಿ ನೋಡ್ರಿ.”

ಪಾರ್ಕನ್ನು ಹತ್ತುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅವರ ಸಂಕಟ ತಿಳಿಯಿತು. ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು ಚಾಚಿ ಗಂಜಿ ಸವರಲು ಓಣಿಗಿದ್ದದ್ದು ಆ ಲೇಔಟಿನೊಳಗಿನ ಒಂದೇ ಸಮತಟ್ಟು ಬಯಲು. ಅಲ್ಲಿ ಮನೆಗಳೆದ್ದರೆ ಮಗ್ಗಗಳು ನಿಂತಂತೆಯೇ. ಆ ಬಯಲನ್ನೇ ಪಾರ್ಕು ಮಾಡಿ, ಬೆಳಿಗ್ಗೆ ನಮಗೆ, ಸಂಜೆ ಮಕ್ಕಳಿಗೆ ಎನ್ನುವುದು ಅವರ ಬೇಡಿಕೆ.

ಮರುದಿನ ಕಡತ ಹಿಡಿದು ರುದ್ರಪ್ಪನವರೊಂದಿಗೆ ಅವರ ಜೀಪಿನಲ್ಲಿ ಹೊರಟೆ. ಬಯಲಿನ ದಾರಿಗೆ ಅಡ್ಡಲಾಗಿ ಹಾಸು ಚಾಚಿತ್ತು, ಗಂಜಿ ಆಗತಾನೇ ಸವರಿದ್ದರು. ಹಸಿ ಹಾಸನ್ನು ಎತ್ತುವಂತಿಲ್ಲ. ದಾಟುವುದಂತೂ ಆ ಓಣಿಯಲ್ಲಿ ಯಾರೂ ಮಾಡದ ಕೆಲಸ.

“ಯಾರದಮ್ಮ ಇದು? ತೆಗೀರಿ,” ಎಂದು ರುದ್ರಪ್ಪನವರು ಸಿಡುಕಿದರು.

“ನಿಮ್ದೇ ಐತ್ರಿ ಅಣ್ಣೋರೇ. ಮಗಳ ಮದುವೆ ಸೀರೆ. ಅಕ್ಕೋರು ಹೇಳಿದ್ದು,” ಎಂದರು ತಿಪ್ಪಮ್ಮ.

ಹೆಂಡತಿಯ ಸುದ್ದಿ ಬಂದದ್ದೇ ರುದ್ರಪ್ಪನವರು ಮೆತ್ತಗಾಗಿ ಜೀಪಿನಿಂದಿಳಿದರು. ಮುಂದೆ ಹೋಗಲು ಉಳಿದದ್ದು ಒಂದೇ ದಾರಿ, ಪಾರ್ಕಿನ ಮೇಲಿಂದ. ನಕ್ಷೆಯ ಆ ಹಸಿರು ಪಾರ್ಕೆಂದರೆ ಎರಡಾಳೆತ್ತರದ ಬಂಡೆ. ಬಾಷಾ ಸಾಬರು ನಮ್ಮಿಬ್ಬರನ್ನೂ ಎಳೆದು ಹತ್ತಿಸಿ, ತಾವು ಸರಸರ ಇಳಿದುಬಿಟ್ಟರು. ನಮಗೆ ಇಳಿಯಲು ಧೈರ್ಯ ಸಾಲಲಿಲ್ಲ. ಕಾದ ಕಲ್ಲಿನ ಮೇಲೆ ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತ ರುದ್ರಪ್ಪನವರು ನನ್ನತ್ತ ತಿರುಗಿದರು.

“ಇದಕ್ಕೆ ಸಹಿ ಹಾಕೀರಲ್ಲ ಸಾರ್, ನೋಡಿರ್ಲಿಲ್ವಾ?”

ನಕ್ಷೆ ತಂದವರೇ ಹೀಗೆ ಕೇಳಿದಾಗ ನಗು ಬಂತು. ಫ್ಯಾನಿನ ಕೆಳಗೆ ಹಾಕಿದ ಸಹಿ ನೆನೆದು ನಾಚಿಕೆಯೂ ಆಯಿತು.

“ಆತುರ ಇಲ್ರಿ,” ಎಂದರು ಕೆಳಗಿನಿಂದ ತಿಪ್ಪಮ್ಮ. “ಹಾಸು ಒಣಗೋಗಂಟ ಪಾರ್ಕಲ್ಲಿ ಕೂತ್ಕೊಳ್ಳಿ.”

ಹಾಸು ಒಣಗುವ ಮೊದಲೇ ರುದ್ರಪ್ಪನವರು ಬಯಲು ಬಿಟ್ಟುಕೊಡಲು ಒಪ್ಪಿದರು. ನಾನು ತೊಡೆಯ ಮೇಲೆ ಕಡತ ಇಟ್ಟುಕೊಂಡು ಹಳೆಯ ಶಿಫಾರಸು ಹೊಡೆದುಹಾಕಿ ಹೊಸದು ಬರೆದೆ. ಆಮೇಲೆ ಬಾಷಾ ಸಾಬರು ಏಣಿ ತಂದರು. ಅದು ಬೆಳಿಗ್ಗೆಯಿಂದಲೂ ಬಂಡೆಯ ಹಿಂದೆಯೇ ಇತ್ತಂತೆ.

ಉಳಿದ ಸರ್ವೀಸಿನಲ್ಲಿ ಕಾಲಿಟ್ಟು ನೋಡದ ಜಾಗಕ್ಕೆ ನಾನು ಸಹಿ ಹಾಕಲಿಲ್ಲ. ಜಾಗದ ಗುಣ ಅಲ್ಲಿ ದಿನವೂ ದುಡಿಯುವವರಿಗೆ ಗೊತ್ತಿರುತ್ತದೆ. ಅವರು ಕರೆದಾಗ ಹೋಗಬೇಕು; ಏಣಿ ಎಲ್ಲಿದೆಯೆಂದು ಮೊದಲೇ ಕೇಳಿಕೊಳ್ಳಬೇಕು.